ಹೊರೇಸ್ ಟ್ಯಾಟರ್ಸಾಲನ ಎಡಗೈ ಪ್ರಕರಣ

ಸ್ಕೆಲ್‌ಬಿ ಊರಿನ ಇತಿಹಾಸದಲ್ಲಿ ದೊಡ್ಡ ಘಟನೆಗಳು ಎರಡೇ. ಒಂದು, ಬಟ್ಟೆ ಮಿಲ್ಲಿನ ಚಿಮಣಿ ಬಿದ್ದದ್ದು. ಇನ್ನೊಂದು, ಹೊರೇಸ್ ಟ್ಯಾಟರ್ಸಾಲನ ಎಡಗೈ. ಚಿಮಣಿ ಬಿದ್ದಾಗ ಅರ್ಧ ಊರು ಮಾತ್ರ ನೋಡಲು ಬಂದಿತ್ತು. ಎಡಗೈ ವಿಷಯಕ್ಕೆ ಆರು ವರ್ಷದಿಂದ ಹಾಸಿಗೆ ಹಿಡಿದಿದ್ದವರೂ ಎದ್ದು ಟೋಪಿ ಹಾಕಿಕೊಂಡು ಬಂದರು. ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಅನುಮಾನವಿದ್ದವರು ಸ್ಕೆಲ್‌ಬಿಯಲ್ಲಿ ಯಾರನ್ನಾದರೂ ಕೇಳಬಹುದು. ಅವರು ಇದಕ್ಕಿಂತ ಜಾಸ್ತಿ ಹೇಳುತ್ತಾರೆ.

ಹೊರೇಸ್ ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಆ ನಲವತ್ತು ವರ್ಷದಲ್ಲಿ ಅವನು ದಾರಿ ಮರೆತದ್ದು ಬರೀ ಹನ್ನೊಂದು ಸಲ. ಒಮ್ಮೆ ಮಾತ್ರ ಆಸ್ಪತ್ರೆಗೆ ಹೊರಟಿದ್ದ ಬಸ್ಸನ್ನು ನೇರ ಸಮುದ್ರದ ದಂಡೆಗೆ ಒಯ್ದು ನಿಲ್ಲಿಸಿದ್ದ. ಅವತ್ತು ಬಿಸಿಲು ಚೆನ್ನಾಗಿದ್ದುದರಿಂದ ಯಾರೂ ದೂರು ಕೊಡಲಿಲ್ಲ, ಇಬ್ಬರು ರೋಗಿಗಳಂತೂ ಅಲ್ಲೇ ಗುಣವಾದರು. ಇಂಥ ಮನುಷ್ಯ ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಬಾಯಿತುಂಬ ಯಾರ್ಕ್‌ಷೈರ್ ಪುಡಿಂಗು ಇಟ್ಟುಕೊಂಡು, ಬದುಕಿನ ಅತಿ ದೊಡ್ಡ ಜಂಬ ಕೊಚ್ಚಿದ.

ಜೂನ್ ಹದಿನೈದಕ್ಕೆ ಅವನೂ ಅವನ ಹೆಂಡತಿ ಮುರಿಯಲ್ಲಳೂ ಮದುವೆಯಾಗಿ ಐವತ್ತು ವರ್ಷ ತುಂಬುವುದಿತ್ತು. ಚರ್ಚ್ ಸಭಾಂಗಣದಲ್ಲಿ ಸಮಾರಂಭ, ಅದರಲ್ಲಿ ಗಂಡ ಹೆಂಡಿರ ಡ್ಯಾನ್ಸು. ಮುರಿಯಲ್ಲಳ ತಮ್ಮ ಲೆನರ್ಡ್ ಊಟದ ಮೇಜಿನ ಮೇಲೆ ಎರಡೂ ಕೈ ಅಗಲಿಸಿ ತನ್ನ ಸ್ಪೀಕರುಗಳ ಗಾತ್ರ ತೋರಿಸುತ್ತಿದ್ದ.

"ಬೀರು ಥರ ಇವೆ ಭಾವ, ಬೀರು ಥರ! ಒಂದು ಹಾಡು ಹಾಕಿದ್ರೆ ಪಕ್ಕದೂರಲ್ಲಿ ಹಾಲು ಒಡೀಬೇಕು, ಹಂಗೆ."

"ನಿನ್ ಬೀರು ನಿನ್ ಮನೇಲೇ ಇರ್ಲಿ," ಎಂದ ಹೊರೇಸ್. "ಅಟ್ಟದ ಮೇಲೆ ಮುರಿಯಲ್ಲಳ ವಾಲ್ವ್ ರೆಕಾರ್ಡ್ ಪ್ಲೇಯರ್ ಇದೆಯಲ್ಲ, ಅದನ್ನೇ ರಿಪೇರಿ ಮಾಡ್ತೀನಿ. ನಾವು ಅದಕ್ಕೇ ಡ್ಯಾನ್ಸ್ ಮಾಡೋದು."

ಮೇಜಿನ ಸುತ್ತ ಚಾಕು ಚಮಚಗಳೆಲ್ಲ ತಟ್ಟೆಗೆ ಇಳಿದವು. ಸುರಿಯುತ್ತಿದ್ದ ಗ್ರೇವಿ ಕೂಡ ಅರ್ಧದಲ್ಲಿ ನಿಂತಿತು.

ಆ ಪೆಟ್ಟಿಗೆ ಸಾಮಾನ್ಯವಾದದ್ದಲ್ಲ. ಕೆಂಪು ರೆಕ್ಸಿನ್ನಿನ ಮೈ, ಕೆನೆಬಣ್ಣದ ಮುಚ್ಚಳ. ಮುರಿಯಲ್ ಹದಿನೆಂಟರ ಹುಡುಗಿಯಾಗಿದ್ದಾಗ ಮಿಲ್ಲಿನ ಮಗ್ಗದ ಮುಂದೆ ಒಂದು ವರ್ಷ ನಿಂತು ದುಡಿದು ಕೊಂಡದ್ದು. ಅದನ್ನೇ ಯುವಕರ ಸಂಘಕ್ಕೆ ಹೊತ್ತು ತಂದ ದಿನ ಹೊರೇಸ್ ಅವಳನ್ನು ಡ್ಯಾನ್ಸಿಗೆ ಕರೆದ, ನಾಲ್ಕು ಸಲ ಅವಳ ಕಾಲು ತುಳಿದ, ಐದನೆಯ ಸಲ ತುಳಿಯದೆ ಇದ್ದುದಕ್ಕೆ ಅವಳು ಅವನನ್ನು ಮದುವೆಯಾದಳು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಪೆಟ್ಟಿಗೆ ಒಮ್ಮೆ ಕೆಮ್ಮಿ, ಹೊಗೆ ಬಿಟ್ಟು, ಸುಮ್ಮನಾಗಿತ್ತು.

"ನಿಜವಾಗ್ಲೂ ಮಾಡ್ತೀಯಾ?" ಎಂದು ಮುರಿಯಲ್ ಕೇಳಿದಳು. ಅವಳ ಮುಖದಲ್ಲಿ ಒಂದು ಕ್ಷಣ ಹದಿನೆಂಟು ವರ್ಷ ಮಿನುಗಿತು. ಮರುಕ್ಷಣ ಅವಳ ಕಣ್ಣು ಅಡುಗೆಮನೆಯ ಚಾವಣಿಗೆ ಹೋಯಿತು. ಹೊರೇಸ್ ಟೋಸ್ಟರ್ ರಿಪೇರಿ ಮಾಡಿದ ದಿನ ಅದು ಉಗಿದ ರೊಟ್ಟಿ ಹೋಳಿನ ಗುರುತು ಅಲ್ಲಿ ಈಗಲೂ ಇದೆ. "ಮಾಡು. ಆದ್ರೆ ಒಂದು ಮಾತು. ಹಿಂದಿನ ಹಲಗೆ ಬಿಚ್ಚಿದಾಗ ಪ್ಲಗ್ ಹಾಕಿರಬಾರದು. ಪ್ಲಗ್ ಹಾಕಿದಾಗ ಹಲಗೆ ಬಿಚ್ಚಿರಬಾರದು. ನಂಗೆ ಗಂಡ ಬೇಕು, ಇದ್ದಲು ಬೇಡ. ಮಾತು ಕೊಡು."

"ಕೊಟ್ಟೆ."

"ಮಾತು ತಪ್ಪಿದ್ರೆ, ಡ್ಯಾನ್ಸ್ ಆ ಪೆಟ್ಟಿಗೆ ಜೊತೆ ಮಾಡ್ಕೋ. ನನ್ ಜೊತೆ ಅಲ್ಲ."

ಮುರಿಯಲ್ ಹೇಳಿದ್ದನ್ನು ಮಾಡದೆ ಬಿಟ್ಟ ದಾಖಲೆ ಸ್ಕೆಲ್‌ಬಿಯಲ್ಲಿಲ್ಲ.

ಮಾತು ಕೊಟ್ಟ ಹೊರೇಸ್ ಹಿತ್ತಲ ಶೆಡ್ಡಿಗೆ ಪೆಟ್ಟಿಗೆಯನ್ನು ಸಾಗಿಸಿ, ಹಲಗೆ ಬಿಚ್ಚಿ, ಒಳಗೆ ಇಣುಕಿ, ಎರಡು ವಾರ ಇಣುಕುತ್ತಲೇ ಇದ್ದ. ಒಳಗೆ ಗಾಜಿನ ಬಲ್ಬಿನಂಥ ಮೂರು ವಾಲ್ವು, ಒಂದಿಷ್ಟು ಧೂಳು, ಸತ್ತ ಜೇಡ ಒಂದು. ಜೇಡವನ್ನು ತೆಗೆದ. ಗುಣ ಕಾಣಲಿಲ್ಲ. ಕೊನೆಗೆ ಒಂದು ಭಾನುವಾರ, ಹಳೆಯ ರೇಡಿಯೋ ಹುಚ್ಚರು ಶಾಲೆಯೊಂದರಲ್ಲಿ ಮೇಜು ಹಾಕಿಕೊಂಡು ಸಾಮಾನು ಅದಲುಬದಲು ಮಾಡುವ ಸಂತೆಗೆ ಹೋದ. ಅಲ್ಲಿ ಜೆಥ್ರೋ ಹೋಲ್‌ರಾಯ್ಡ್ ಎಂಬ ಮುದುಕ ಸಿಕ್ಕಿದ. ಅರವತ್ತು ವರ್ಷ ಟೀವಿ ರಿಪೇರಿ ಮಾಡಿದವನು. ಎರಡು ಹುಬ್ಬಿನಲ್ಲಿ ಒಂದೇ ಉಳಿದಿತ್ತು.

"ಪ್ಲಗ್ ಹಾಕ್ದೆ ಇದರ ರೋಗ ಗೊತ್ತಾಗಲ್ಲ ಬಂಗಾರ," ಎಂದ ಜೆಥ್ರೋ. ನಮ್ಮ ಕಡೆ ಮುದುಕರು ಗಂಡಸು ಹೆಂಗಸು ನಾಯಿ ಎಲ್ಲವನ್ನೂ ಬಂಗಾರ ಎಂದೇ ಕರೆಯುವುದು. "ಕರೆಂಟು ಹರೀತಿರುವಾಗ್ಲೇ ಮುಟ್ಟಿ ಅಳೀಬೇಕು. ಹುಷಾರು ಮಾತ್ರ. ಇದರೊಳಗಿನ ತಗಡು ನೇರ ಮೇನ್ಸ್ ಕರೆಂಟಿಗೇ ಸೇರಿದೆ. ಟ್ರಾನ್ಸ್‌ಫಾರ್ಮರ್ ಖರ್ಚು ಉಳಿಸೋಕೆ ಹೋಗಿ ಆಗಿನ ಕಾಲದೋರು ಗಿರಾಕೀನ ಖರ್ಚು ಮಾಡ್ತಿದ್ರು."

"ಹಂಗಾದ್ರೆ ಮುಟ್ಟೋದು ಹೆಂಗೆ?"

"ಒಂದೇ ಕೈಲಿ. ಎರಡು ಕೈ ಇಟ್ಯೋ, ಕರೆಂಟು ಈ ಕೈಲಿ ಹತ್ತಿ, ನಡುವೆ ಹೃದಯ ನೋಡ್ಕೊಂಡು, ಆ ಕೈಲಿ ಇಳೀತದೆ. ಒಂದೇ ಕೈ ಇಟ್ರೆ ಅದಕ್ಕೆ ಪ್ರಯಾಣ ಇಲ್ಲ. ಅದಕ್ಕೇ ನಾವೆಲ್ಲ ಎಡಗೈ ಜೇಬಲ್ಲಿ ಇಟ್ಕೊಳ್ಳೋದು. ನಂಗೆ ಕೆಲಸ ಕಲಿಸಿದೋನು ತೊಂಬತ್ನಾಕು ವರ್ಷ ಬದುಕಿದ. ಶವಪೆಟ್ಟಿಗೇಲೂ ಎಡಗೈ ಜೇಬಲ್ಲೇ ಇತ್ತು. ತೆಗೆಯೋಕೆ ನೋಡಿದ್ರಂತೆ, ಬರ್ಲಿಲ್ಲ."

"ಅಕಸ್ಮಾತ್ ಮರೆತ್ರೆ?"

"ಮರೆಯೋಕೆ ಒಂದೇ ಚಾನ್ಸು ಬಂಗಾರ."

ಹೊರೇಸ್ ಸುತ್ತಲೂ ನೋಡಿದ. ಆ ಶಾಲೆಯ ಸಭಾಂಗಣದಲ್ಲಿದ್ದ ಐವತ್ತು ಮುದುಕರೂ ಎಡಗೈ ಜೇಬಿನಲ್ಲಿಟ್ಟು, ಬಲಗೈಯಲ್ಲಿ ಚಹಾ, ಬಗಲಲ್ಲಿ ರೇಡಿಯೋ ಹಿಡಿದು ಹಾಯಾಗಿ ನಡೆದಾಡುತ್ತಿದ್ದರು. ಬಸ್ಸಿನ ದಾರಿಯನ್ನೇ ಮರೆತ ತಾನು ಕೈಯನ್ನು ನೆನಪಿಟ್ಟುಕೊಳ್ಳುವುದು ಉಂಟೇ? ಮನೆಗೆ ಬರುವಷ್ಟರಲ್ಲಿ ಅವನು ಒಂದು ಘನವಾದ ತೀರ್ಮಾನಕ್ಕೆ ಬಂದಿದ್ದ. ಶೆಡ್ಡಿನಲ್ಲಿ ಮಾತ್ರ ಅಭ್ಯಾಸ ಮಾಡಿದರೆ ಸಾಲದು. ಎದ್ದಾಗಿನಿಂದ ಮಲಗುವವರೆಗೆ, ಊಟದಲ್ಲಿ, ಚರ್ಚಿನಲ್ಲಿ, ಅಂಗಡಿಯಲ್ಲಿ, ಎಡಗೈ ಜೇಬಿನಲ್ಲೇ ಇರಬೇಕು. ಕೈಗೆ ಜೇಬೇ ಮನೆಯಾಗಬೇಕು. ಮುರಿಯಲ್ಲಳಿಗೆ ಮಾತ್ರ ಕಾರಣ ಗೊತ್ತಾಗಬಾರದು, ಗೊತ್ತಾದರೆ ಡ್ಯಾನ್ಸಿಲ್ಲ.

ಮರುದಿನ ಬೆಳಿಗ್ಗೆಯೇ ಸಾಧನೆ ಶುರುವಾಯಿತು. ಒಂದೇ ಕೈಯಲ್ಲಿ ಮೊಟ್ಟೆ ಒಡೆಯಲು ಹೋಗಿ ಹಣೆಯ ಸಹಾಯ ಪಡೆದ. ಪೇಪರು ಮಗುಚಲು ಗಲ್ಲ ಬಳಸಿದ. ಷೂ ಲೇಸು ಕಟ್ಟಲು ಹಲ್ಲು ಬಳಸುವಾಗ ಮುರಿಯಲ್ ಒಳಗೆ ಬಂದಳು. "ಸೊಂಟಕ್ಕೆ ವ್ಯಾಯಾಮ," ಎಂದ, ನೆಲದ ಮೇಲಿಂದಲೇ. ಬೋಲ್ಸ್ ಆಟದ ಮೈದಾನದಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ, ಹುಲ್ಲಿನ ಮೇಲೆ ಚೆಂಡು ಉರುಳಿಸಲು ಒಂದೇ ಕೈ ಸಾಕು ತಾನೇ. ಆದರೆ ಎದುರಾಳಿ ಚೆನ್ನಾಗಿ ಆಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರೆ ಹೊರೇಸ್ ತನ್ನ ಕೆನ್ನೆಗೆ ತಾನೇ ಪಟಪಟ ಬಾರಿಸಿಕೊಂಡ. ಆಟ ಅರ್ಧ ತಾಸು ನಿಂತಿತು.

ಇದನ್ನೆಲ್ಲ ಬೇಲಿಯ ಆಚೆಯಿಂದ ನೋಡುತ್ತಿದ್ದವಳು ಪಕ್ಕದ ಮನೆಯ ಎನಿಡ್ ಕ್ರಾಬ್‌ಟ್ರೀ. ಎನಿಡ್ ಕಿಟಕಿಯ ಪರದೆಯನ್ನು ಒಂದು ಬೆರಳಗಲ ಸರಿಸಿದರೆ ಸಾಕು, ಮೂರು ಬೀದಿಯ ಸಮಾಚಾರ ತಾನಾಗಿಯೇ ಒಳಗೆ ಬರುತ್ತಿತ್ತು. ಅವಳಿಗೆ ವೈದ್ಯಕೀಯವೂ ಗೊತ್ತಿತ್ತು, ಯಾಕೆಂದರೆ ಡಾಕ್ಟರರ ಕಾಯುವ ಕೋಣೆಯಲ್ಲಿ ಅವಳು ಕಳೆದಷ್ಟು ಹೊತ್ತನ್ನು ಡಾಕ್ಟರರೇ ಕಳೆದಿರಲಿಲ್ಲ. ಅಲ್ಲಿನ ಗೋಡೆಯ ಮೇಲೆ ಪಾರ್ಶ್ವವಾಯುವಿನ ಚಿತ್ರ ಇದೆ: ಮುಖ ಜೋತಿದೆಯೇ, ತೋಳು ಬಿದ್ದಿದೆಯೇ, ಮಾತು ತೊದಲುತ್ತಿದೆಯೇ ನೋಡಿ.

ತೋಳು ಎದುರಿಗೇ ಇತ್ತು. ಮಾತಿನ ಪರೀಕ್ಷೆಗೆ ಎನಿಡ್ ಬೇಲಿಯ ಮೇಲೆ ಕತ್ತು ಹಾಕಿ ಕೇಳಿದಳು: "ಏನ್ ಹೊರೇಸ್, ಶೆಡ್ಡಲ್ಲಿ ಏನ್ ನಡೀತಿದೆ?"

"ಏ-ಏನಿಲ್ಲ. ಅ-ಅದು... ಟ-ಟೊಮೇಟೊ," ಎಂದ ಹೊರೇಸ್.

ಎರಡಾಯಿತು. ಮೂರನೆಯದು ಮುಂದಿನ ಗುರುವಾರ ಸಿಕ್ಕಿತು. ಅವತ್ತು ಹೊರೇಸ್ ಹಲ್ಲಿನ ಡಾಕ್ಟರ ಹತ್ತಿರ ಎಡದವಡೆಯ ಹಲ್ಲು ಕೀಳಿಸಿಕೊಂಡು, ಸೂಜಿಮದ್ದಿನ ಜೋಮಿನಲ್ಲಿ ಬಾಯಿ ಒಂದು ಕಡೆ ಜೋಲಿಸಿ, ಜೊಲ್ಲು ಟೈ ಮೇಲೆ ಇಳಿಸುತ್ತಾ, ಎಡಗೈ ಜೇಬಿನಲ್ಲಿಟ್ಟು ಬೀದಿಯಲ್ಲಿ ನಡೆದು ಬಂದ. ಎನಿಡ್ ಪರದೆ ಬಿಟ್ಟಳು. ಮೂರಕ್ಕೆ ಮೂರು! ಪರೀಕ್ಷೆಯಲ್ಲಿ ಅವಳಿಗೆ ಇಷ್ಟು ಅಂಕ ಶಾಲೆಯಲ್ಲೂ ಬಂದಿರಲಿಲ್ಲ.

ಮುರಿಯಲ್ ಆಗ ಹೆಂಗಸರ ಕೇಶಾಲಂಕಾರದ ಅಂಗಡಿಯಲ್ಲಿ, ಕೂದಲು ಒಣಗಿಸುವ ದೊಡ್ಡ ಟೊಪ್ಪಿಗೆಯೊಳಗೆ ತಲೆ ಇಟ್ಟು ಕುಳಿತಿದ್ದಳು. ಅದರ ಗಾಳಿಯ ಸದ್ದಿನಲ್ಲಿ ಹೊರಗಿನದು ಏನೂ ಕೇಳುವುದಿಲ್ಲ. ಎನಿಡ್ ಓಡಿ ಬಂದು ಅವಳ ಕಿವಿಯ ಬಳಿ ಪಿಸುಗುಟ್ಟಿದಳು.

"ಏನು?" ಎಂದಳು ಮುರಿಯಲ್.

"ಹೊರೇಸಂಗೆ ಹುಷಾರಿಲ್ಲ ಕಣೇ!"

"ಯಾರಿಗೆ ಹುಷಾರಿಲ್ಲ?"

"ನಿನ್ ಗಂಡಂಗೆ ಲಕ್ವಾ ಹೊಡ್ದಿದೆ!" ಎಂದು ಎನಿಡ್ ಕಿರುಚಿದಳು. ಅಷ್ಟರಲ್ಲಿ ಅಂಗಡಿಯವಳು ಗಾಳಿ ನಿಲ್ಲಿಸಿದ್ದಳು. ಹೀಗಾಗಿ ಮುರಿಯಲ್ಲಳಿಗೂ, ಉಳಿದ ಎಂಟು ಹೆಂಗಸರಿಗೂ, ರಸ್ತೆಯಾಚೆಯ ಅಂಚೆ ಕಚೇರಿಗೂ ಸುದ್ದಿ ಒಂದೇ ಗಳಿಗೆಯಲ್ಲಿ ತಲುಪಿತು.

ಮುರಿಯಲ್ಲಳ ಮುಖ ಬಿಳಿಚಿತು. ಮೊಟ್ಟೆ, ಪೇಪರು, ಷೂ ಲೇಸು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. "ಮೂರು ವಾರದಿಂದ... ನಂಗೆ ಹೇಳ್ಲೇ ಇಲ್ಲ," ಎಂದಳು.

"ಹೇಳ್ತಾರಾ? ಗಂಡಸರು! ನಮ್ ಯಜಮಾನ್ರು ಸತ್ತಿದ್ದನ್ನೇ ನಂಗೆ ಹೇಳ್ಲಿಲ್ಲ," ಎಂದಳು ಎನಿಡ್.

ಡಾಕ್ಟರರಿಗೆ ಫೋನು ಹೋಯಿತು. ಹೊಡೆದು ಮೂರು ವಾರವಾಗಿದೆ, ಮನುಷ್ಯ ಓಡಾಡಿಕೊಂಡಿದ್ದಾನೆ ಎಂದಮೇಲೆ ಅಲ್ಲಿಂದ ಸಿಕ್ಕಿದ್ದು ಜೂನ್ ಹದಿನೇಳನೇ ತಾರೀಖು. ಲೆನರ್ಡ್ ಕಣ್ಣೊರೆಸಿಕೊಂಡು, "ಅವನನ್ನ ಕೇಳ್ಬೇಡ ಅಕ್ಕಾ. ಕೇಳಿದ್ರೆ ಇಲ್ಲ ಅಂತಾನೆ. ಇಲ್ಲ ಅನ್ನೋದೇ ಆ ಕಾಯಿಲೆ ಗುಣ," ಎಂದ. ಮುರಿಯಲ್ ಹೊರೇಸನನ್ನು ಮೆಲ್ಲಗೆ ಕೇಳಿಯೂ ನೋಡಿದಳು: "ಎಲ್ಲ ಚೆನ್ನಾಗಿದೆಯಾ?" "ಹಿಂದೆಂದೂ ಇಷ್ಟು ಚೆನ್ನಾಗಿರ್ಲಿಲ್ಲ," ಎಂದ ಅವನು, ಬಲಗೈಯಿಂದ ಎಡಕಿವಿ ಕೆರೆದುಕೊಳ್ಳುತ್ತಾ. ಅವಳು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಹೊರಗೆ ಬಂದು ಆಜ್ಞೆ ಹೊರಡಿಸಿದಳು: ಸಮಾರಂಭ ಮುಗಿಯುವವರೆಗೆ ಯಾರೂ ಹೊರೇಸನ ಮುಂದೆ ಈ ಮಾತು ಎತ್ತಕೂಡದು.

ಇಡೀ ಊರು ಬಾಯಿ ಮುಚ್ಚಿತು. ಆದರೆ ಎಷ್ಟು ಗಟ್ಟಿಯಾಗಿ ಮುಚ್ಚಿತೆಂದರೆ ಆ ಸದ್ದಿಗೆ ಹೊರೇಸನ ಎದೆ ಹಾರಿತು. ಮಾಂಸದಂಗಡಿಯ ಬರ್ಟ್ರಮ್ ಒಂದು ಸಣ್ಣ ಹಂದಿ ಕಡುಬನ್ನು ತಾನೇ ಎರಡೂ ಕೈಯಲ್ಲಿ ಹೊತ್ತು, ಅಂಗಡಿಗೆ ಬೀಗ ಹಾಕಿ, ಹೊರೇಸನ ಹಿಂದೆ ಮನೆಯವರೆಗೆ ಮೆರವಣಿಗೆ ಬಂದ. ಬಸ್ಸಿನವನು ಸೀಟಿಂದ ಇಳಿದು ಅವನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಹತ್ತಿಸಿದ. ಭಾನುವಾರ ಪಾದ್ರಿ ಫಿಲ್‌ಪಾಟ್ ಕಣ್ಣು ಮುಚ್ಚಿ, "ನಮ್ಮ ನಡುವೆ ನೋವುಣ್ಣುತ್ತಿರುವ ಒಬ್ಬ ಸಹೋದರನಿಗಾಗಿ, ಅವನ ಹೆಸರು ಹೇಳುವುದು ಬೇಡ," ಎಂದು ಪ್ರಾರ್ಥಿಸಿದಾಗ ಇನ್ನೂರು ಜನ ಒಟ್ಟಿಗೆ ಹೊರೇಸನ ಕಡೆ ತಿರುಗಿದರು. ಹೊರೇಸನೂ ಯಾರಪ್ಪ ಆ ಪಾಪದವನು ಎಂದು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

ಇದೆಲ್ಲವನ್ನೂ ಅವನು ಐವತ್ತು ವರ್ಷದ ದಾಂಪತ್ಯಕ್ಕೆ ಊರು ಸಲ್ಲಿಸುತ್ತಿರುವ ಗೌರವ ಎಂದು ನುಂಗಿಕೊಂಡ. ನುಂಗಲಾಗದ್ದು ಮುರಿಯಲ್ಲಳ ಒಳ್ಳೆಯತನ. ಅವಳು ಅವನ ಸಾಸೇಜನ್ನು ಹನ್ನೆರಡು ತುಂಡು ಮಾಡಿ ಕೊಡತೊಡಗಿದಳು. ಅಂಗಿಯ ಗುಂಡಿ ಹಾಕಿದಳು. ಒಂದು ಸಲವಂತೂ ಟೀವಿಯ ರಿಮೋಟನ್ನು ತಾನಾಗಿ ಅವನ ಕೈಗೆ ಕೊಟ್ಟಳು. ಹೊರೇಸ್ ಅದನ್ನು ಮೇಜಿನ ಮೇಲಿಟ್ಟು ದೂರ ಸರಿದು ಕುಳಿತ. ಐವತ್ತು ವರ್ಷದಲ್ಲಿ ಹೀಗಾದದ್ದಿಲ್ಲ. ಪ್ಲಗ್ಗಿನ ವಿಷಯ ಇವಳಿಗೆ ಗೊತ್ತಾಗಿಬಿಟ್ಟಿದೆಯೇ?

ಯಾಕೆಂದರೆ ಅಷ್ಟರಲ್ಲಿ ಅವನು ಮಾತು ತಪ್ಪಿಯಾಗಿತ್ತು. ದಿನವೂ ಶೆಡ್ಡಿನ ಬಾಗಿಲು ಹಾಕಿ, ಹಲಗೆ ಬಿಚ್ಚಿ, ಪ್ಲಗ್ ಹಾಕಿ, ಬಲಗೈ ಒಂದೇ ಒಳಗೆ ಬಿಟ್ಟು, ಕೊಳೆತ ಕೆಪಾಸಿಟರುಗಳನ್ನು ಹುಡುಕಿ ಬದಲಿಸುತ್ತಿದ್ದ. ಒಂದು ದಿನ ವಾಲ್ವುಗಳು ಕಿತ್ತಳೆ ಬಣ್ಣಕ್ಕೆ ಬೆಚ್ಚಗೆ ಹೊಳೆದು, ತಟ್ಟೆ ತಿರುಗಿ, ಮುರಿಯಲ್ಲಳ ಹಳೆಯ ವಾಲ್ಟ್ಸ್ ಡ್ಯಾನ್ಸಿನ ರೆಕಾರ್ಡು ಅರ್ಧ ನಿಮಿಷ ಹಾಡಿತು. ಹೊರೇಸ್ ಒಂದೇ ಕೈಯಿಂದ ಕುಣಿದ. ಆಮೇಲೆ ಗುಂಯ್ ಎಂಬ ಹಾಳು ಸದ್ದು ಬಂದು ಹಾಡನ್ನು ನುಂಗಿತು. ಒಂದು ತಂತಿಯನ್ನು ತಿರುಪುಳಿಯಿಂದ ಒತ್ತಿದರೆ ಮಾತ್ರ ಹೋಗುತ್ತಿತ್ತು.

ಸಮಾರಂಭಕ್ಕೆ ನಾಲ್ಕು ದಿನವಿರುವಾಗ, ಮುರಿಯಲ್ ಅಂಗಡಿಗೆ ಹೋಗಿದ್ದ ಹೊತ್ತಿನಲ್ಲಿ, ಕೈಕಾಲು ಬಿದ್ದವರಿಗೆ ಮನೆಯಲ್ಲಿ ಅನುಕೂಲ ಮಾಡಿಕೊಡಲು ನಗರಸಭೆಯಿಂದ ಮಿಸೆಸ್ ನಟಾಲ್ ಎಂಬ ಅಧಿಕಾರಿಣಿ ಬಂದಳು. ಕೈಯಲ್ಲಿ ಅಳತೆ ಟೇಪು, ಎದೆಗೆ ಗುರುತಿನ ಚೀಟಿ, ಮುಖದಲ್ಲಿ ಸರ್ಕಾರಿ ಕರುಣೆ.

"ಮುಚ್ಚಿಡೋದು ಬೇಡ ಮಿಸ್ಟರ್ ಟ್ಯಾಟರ್ಸಾಲ್," ಎಂದಳು. "ನಮಗೆಲ್ಲ ಗೊತ್ತಾಗಿದೆ."

ಹೊರೇಸ್ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಯಾರು ಹೇಳಿದ್ರು?"

"ನೆರೆಹೊರೆಯವರು ನೋಡಿದ್ದಾರೆ. ಎಷ್ಟು ದಿನ ಆಯ್ತು?"

"ಐದು ವಾರ," ಎಂದ ಹೊರೇಸ್, ತಪ್ಪೊಪ್ಪಿಗೆಯ ದನಿಯಲ್ಲಿ. "ದಿನಾ ಒಂದು ಗಂಟೆ. ಅಷ್ಟೇ. ದೇವರಾಣೆ."

"ದಿನಾ ಒಂದೇ ಗಂಟೆನಾ?" ಅವಳು ಅಚ್ಚರಿಯಿಂದ ಬರೆದುಕೊಂಡಳು. "ಆಗ ಏನನ್ಸುತ್ತೆ?"

"ಒಂದೊಂದ್ಸಲ ಜುಂ ಅನ್ನುತ್ತೆ. ಭುಜದ ತನಕ."

"ಆಮೇಲೆ ತಾನಾಗೇ ಹೋಗುತ್ತಾ?"

"ಪ್ಲಗ್... ಅಲ್ಲ, ಹ್ಞೂಂ, ತಾನಾಗೇ. ನೋಡಿ ತಾಯಿ, ಈ ವಯಸ್ಸಲ್ಲಿ ಎಷ್ಟೋ ಜನ ಮಾಡ್ತಾರೆ. ಶಾಲೇಲಿ ಐವತ್ತು ಜನ ಇದ್ರು, ಎಲ್ರೂ ಹೀಗೇ ಎಡಗೈ ಜೇಬಲ್ಲಿ."

"ಒಂದೇ ಶಾಲೇಲಿ ಐವತ್ತಾ!" ಮಿಸೆಸ್ ನಟಾಲಳ ಪೆನ್ನು ಕೆಳಗೆ ಬಿತ್ತು. ನಗರಸಭೆಯ ಬಳಿ ಅಷ್ಟು ಗಾಲಿಕುರ್ಚಿ ಇರಲಿಲ್ಲ. ಅವಳು ಮೆಟ್ಟಿಲು ಅಳೆದಳು, ಸ್ನಾನದ ತೊಟ್ಟಿ ಅಳೆದಳು, ಕೊನೆಗೆ ಹಿತ್ತಲ ಕಡೆ ಬೆರಳು ತೋರಿಸಿ, "ಇನ್ನು ಆ ಶೆಡ್ಡಿಗೆ ನೀವು ಹೋಗೋ ಹಾಗಿಲ್ಲ. ಅಪಾಯ," ಎಂದಳು.

"ದಯವಿಟ್ಟು ನನ್ ಹೆಂಡ್ತಿಗೆ ಮಾತ್ರ ಹೇಳ್ಬೇಡಿ!"

"ನಿಮ್ಮ ಹೆಂಡ್ತಿನೇ ಅಲ್ವಾ ನಮಗೆ ಫೋನ್ ಮಾಡಿದ್ದು?"

ಹೊರೇಸ್ ಮೆಟ್ಟಿಲ ಮೇಲೆ ದೊಪ್ಪೆಂದು ಕುಸಿದ. 'ಸಮತೋಲನವೂ ಇಲ್ಲ' ಎಂದು ಅವಳು ದಪ್ಪಕ್ಷರದಲ್ಲಿ ಬರೆದುಕೊಂಡು ಹೋದಳು.

ಅಂದರೆ ಮುರಿಯಲ್ಲಳಿಗೆ ಎಲ್ಲ ಗೊತ್ತಿದೆ! ಗೊತ್ತಿದ್ದೂ ಸಾಸೇಜು ಕತ್ತರಿಸುತ್ತಿದ್ದಾಳೆ! ಹೊರೇಸನಿಗೆ ಇದಕ್ಕಿಂತ ಭಯಂಕರವಾದದ್ದು ಕಲ್ಪನೆಗೆ ಬರಲಿಲ್ಲ. ಡ್ಯಾನ್ಸಿನ ದಿನ ಎಲ್ಲರೆದುರು ಒಲ್ಲೆ ಎನ್ನುತ್ತಾಳೆ, ಅದಕ್ಕೇ ಕಾಯುತ್ತಿದ್ದಾಳೆ. ಉಳಿದ ದಾರಿ ಒಂದೇ: ಪೆಟ್ಟಿಗೆ ಹಾಡಿಬಿಟ್ಟರೆ, ಆ ಹಾಡು ಕೇಳಿ ಅವಳ ಮನಸ್ಸು ಕರಗಿದರೂ ಕರಗೀತು.

ಜೂನ್ ಹದಿನೈದು, ಶನಿವಾರ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಹೊರೇಸನನ್ನು ಕ್ಷೌರಕ್ಕೆ ಕಳಿಸಿ ಮುರಿಯಲ್ ಮೊದಲೇ ಸಭಾಂಗಣಕ್ಕೆ ಹೋಗಿದ್ದಳು. ಹಿಂದಿನ ದಿನವೇ ಒರೆಸಿ ಮನೆಯ ಮುಂಬಾಗಿಲ ಬಳಿ ಇಟ್ಟಿದ್ದ ಪೆಟ್ಟಿಗೆಯನ್ನು ಬಲಗಂಕುಳಲ್ಲಿ ಅವುಚಿಕೊಂಡು ಹೊರೇಸ್ ಬಂದ. ಬಾಗಿಲಲ್ಲಿ ಒಂದು ಗಾಲಿಕುರ್ಚಿ, ಬಂಗಾರದ ಬಣ್ಣದ ರಿಬ್ಬನ್ ಸುತ್ತಿ ನಿಲ್ಲಿಸಿತ್ತು.

"ಅರೆ, ಎಷ್ಟು ಒಳ್ಳೇ ಜನ! ಪೆಟ್ಟಿಗೆಗೂ ಗಾಡಿ ಇಟ್ಟಿದ್ದಾರೆ!" ಎಂದು ಹೊರೇಸ್ ಅದರ ಮೇಲೆ ರೆಕಾರ್ಡ್ ಪ್ಲೇಯರನ್ನು ಕೂರಿಸಿ, ರಿಬ್ಬನ್ ಎಳೆದು ಅದಕ್ಕೇ ಬಿಗಿದು, ಒಂದೇ ಕೈಯಲ್ಲಿ ತಳ್ಳಿದ. ಒಂದೇ ಕೈಯಲ್ಲಿ ತಳ್ಳಿದ ಗಾಲಿಕುರ್ಚಿ ನೇರ ಹೋಗುವುದಿಲ್ಲ. ಅದು ಎಡಕ್ಕೆ ತಿರುಗಿ, ಸ್ಯಾಂಡ್‌ವಿಚ್ ಮೇಜನ್ನು ಸವರಿ, ಪಾದ್ರಿಯ ಹಿಂದೆ ಎರಡು ಸುತ್ತು ಹಾಕಿ, ಚಹಾದ ಹಂಡೆಯ ಬಳಿ ನಿಂತಿತು. ನೂರೈವತ್ತು ಜನ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದರು. "ಪಾಪ, ಬುದ್ಧಿನೂ ಹೋಯ್ತು," ಎಂದಳು ಎನಿಡ್.

ಲೆನರ್ಡ್ ತನ್ನ ಎರಡು ಬೀರುಗಳ ನಡುವೆ ನಿಂತು ಮೈಕು ಹಿಡಿದ. ಅವನ ದನಿ ಗದ್ಗದವಾಗಿತ್ತು. ಆ ಸ್ಪೀಕರುಗಳಲ್ಲಿ ಗದ್ಗದ ಗುಡುಗಿನಂತೆ ಕೇಳಿತು. "ಬಂಧುಗಳೇ, ಇವತ್ತು ನಮ್ ಅಕ್ಕ ಭಾವ ಡ್ಯಾನ್ಸ್ ಮಾಡಲ್ಲ. ಇಬ್ರೂ ಪಕ್ಕ ಪಕ್ಕ ಕೂತ್ಕೋತಾರೆ. ನಾವೇ ಅವರ ಸುತ್ತ ಮೆತ್ತಗೆ ತೂಗಾಡೋಣ."

"ಯಾಕ್ ಮಾಡಲ್ಲ?" ಎಂದ ಹೊರೇಸ್.

ಮುರಿಯಲ್ ನೆಲ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಹೊರೇಸನಿಗೆ ಅದು ಕೋಪದ ನೀರೆಂದೇ ಕಂಡಿತು. ಹೇಳಿದಂತೆಯೇ ಮಾಡಿದಳು! ಇನ್ನು ಒಂದು ಕ್ಷಣವೂ ತಡಮಾಡುವಂತಿರಲಿಲ್ಲ. ಅವನು ಗೋಡೆಯ ಬಳಿಗೆ ಕುರ್ಚಿ ನೂಕಿ, ಪ್ಲಗ್ ಚುಚ್ಚಿ, ತಟ್ಟೆಯ ಮೇಲೆ ವಾಲ್ಟ್ಸ್ ಇಟ್ಟ. ವಾಲ್ವು ಕಾಯಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷದಲ್ಲಿ ಸಭಾಂಗಣದ ಗಡಿಯಾರವೂ ಟಿಕ್ ಎನ್ನಲು ಹೆದರಿತು. ಆಮೇಲೆ ಬಂತು: ಗುಂಯ್ಯ್ಯ್ಯ್...

ಇಷ್ಟು ಹೊತ್ತಿಗೆ ಹೊರೇಸನ ಕೈಗಳು ಹೊರೇಸನನ್ನು ಕೇಳುವುದನ್ನು ಬಿಟ್ಟಿದ್ದವು. ಬಲಗೈ ತಾನಾಗಿ ತಿರುಪುಳಿ ತೆಗೆಯಿತು, ಹಿಂದಿನ ಹಲಗೆ ಬಿಚ್ಚಿತು, ಒಳಗೆ ನುಗ್ಗಿ ಆ ತಂತಿಯನ್ನು ಒತ್ತಿ ಅದರ ಜಾಗಕ್ಕೆ ಸಿಕ್ಕಿಸಿತು. ಎಡಗೈ ಜೇಬಿನ ತಳಕ್ಕೆ ಇಳಿದು ಕುಳಿತಿತು. ಗುಂಯ್ ನಿಂತು ಹೋಯಿತು. ಪಿಟೀಲುಗಳು ಮೆಲ್ಲಗೆ ಮೇಲೆದ್ದವು.

ಇಡೀ ಸಭಾಂಗಣ ಹೊರೇಸನ ಎಡಗೈ ನೋಡುತ್ತಿತ್ತು. ಮುರಿಯಲ್ ಒಬ್ಬಳು ಮಾತ್ರ ಪ್ಲಗ್ ನೋಡುತ್ತಿದ್ದಳು.

"ಹೊರೇಸ್!! ಪ್ಲಗ್!!"

ಹೊರೇಸ್ ಒಂದಾಳೆತ್ತರ ಹಾರಿದ. ಹಾರುವಾಗ ಎರಡೂ ಕೈ ಆಕಾಶಕ್ಕೆ ಹೋದವು. ಎರಡೂ!

ಮುಂದೆ ಆದದ್ದನ್ನು ವಿವರಿಸಲು ಬೈಬಲ್ಲಿನ ಭಾಷೆ ಬೇಕು. ಎನಿಡ್ ಸಿಹಿಪುಡಿಂಗಿನ ಬೋಗುಣಿಯ ಮೇಲೆ ಮೂರ್ಛೆ ಹೋದಳು. ಮಿಸೆಸ್ ನಟಾಲಳ ಕಡತದ ಹಾಳೆಗಳು ಗಾಳಿಗೆ ಹಾರಿದವು. ಲೆನರ್ಡ್ ಗೋಡೆಗೊರಗಿ ನೆಲಕ್ಕೆ ಜಾರಿದ. ಪಾದ್ರಿ ಫಿಲ್‌ಪಾಟ್ ಮೂವತ್ತು ವರ್ಷದ ಸೇವೆಯಲ್ಲಿ ಕೊನೆಗೂ ಒಂದು ಪವಾಡ ದೊರೆತ ಹರ್ಷಕ್ಕೆ ಮೊಣಕಾಲೂರಿ, "ಎತ್ತಿದ! ಕೈ ಎತ್ತಿದ!" ಎಂದು ಕೂಗಿದರು.

"ಎತ್ತದೆ ಏನು?" ಎಂದ ಹೊರೇಸ್ ದಿಗಿಲಿನಿಂದ. "ಹೆದರಿಸಿದ್ರೆ ಯಾರಾದ್ರೂ ಎತ್ತುತ್ತಾರೆ."

"ಆ ಕೈ ಸತ್ತಿತ್ತಲ್ವೋ!" ಎಂದ ಬರ್ಟ್ರಮ್.

"ಯಾವ ಕೈ? ಈ ಕೈಗೇನಾಗಿದೆ? ಕರೆಂಟು ಎರಡೂ ಕೈಲಿ ಓಡಬಾರ್ದು ಅಂತ ಜೇಬಲ್ಲಿ ಇಟ್ಕೊಂಡಿದ್ದೆ. ಅಭ್ಯಾಸ ಆಗ್ಲಿ ಅಂತ..."

ಸ್ಕೆಲ್‌ಬಿಯಂಥ ಊರಿಗೆ ತಾನು ಮಾಡಿದ ಕರುಣೆಯೆಲ್ಲ ನೀರುಪಾಲಾಯಿತು ಎಂದು ತಿಳಿಯುವುದು ಸಣ್ಣ ಆಘಾತವಲ್ಲ. "ನಾಕು ಭಾನುವಾರ ಪ್ರಾರ್ಥನೆ ಮಾಡಿದ್ದೀವಿ ಕಣಯ್ಯ!" ಎಂದು ಒಬ್ಬ. "ನಾನು ಕಡುಬು ಹೊತ್ತಿದ್ದೀನಿ!" ಎಂದು ಬರ್ಟ್ರಮ್. "ಹಾಗಾದ್ರೆ ಆ ಐವತ್ತು ಜನ?" ಎಂದು ಮಿಸೆಸ್ ನಟಾಲ್. ಎನಿಡ್ ಪುಡಿಂಗಿನಿಂದ ತಲೆ ಎತ್ತಿ, "ಮೂರಕ್ಕೆ ಮೂರು ಇತ್ತು. ನನ್ ತಪ್ಪಲ್ಲ," ಎಂದು ಮತ್ತೆ ಮಲಗಿದಳು.

ಮುರಿಯಲ್ ನಿಧಾನವಾಗಿ ನಡೆದು ಬಂದಳು. ಜನ ಎರಡಾಗಿ ಸೀಳಿ ದಾರಿ ಬಿಟ್ಟರು. ಅವಳು ಹೊರೇಸನ ಎಡಗೈಯನ್ನು ಹಿಡಿದು, ಮಗುಚಿ ನೋಡಿದಳು, ಚಿವುಟಿದಳು.

"ಆಯ್!" ಎಂದ ಹೊರೇಸ್.

"ನಾಕು ವಾರ," ಎಂದಳು. "ನಾಕು ವಾರ ನಿಂಗೆ ಸಾಸೇಜ್ ಕತ್ತರಿಸಿ ಕೊಟ್ಟಿದ್ದೀನಿ. ಪ್ರತಿ ರಾತ್ರಿ ನೀನು ಉಸಿರಾಡ್ತಿದ್ದೀಯಾ ಅಂತ ನೋಡಿದ್ದೀನಿ."

"ನಿಂಗೆ ಪ್ಲಗ್ ವಿಷಯ ಗೊತ್ತಾಗಿದೆ ಅಂದ್ಕೊಂಡಿದ್ದೆ."

"ಈಗ ಗೊತ್ತಾಯ್ತು. ಮಾತು ತಪ್ಪಿದೆ."

"ತಪ್ಪಿದೆ," ಎಂದ ಹೊರೇಸ್. ಹೊಸ ಸೂಟಿನಲ್ಲಿ ಅವನು ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕನಂತೆ ನಿಂತಿದ್ದ. ಹಿಂದೆ ಪೆಟ್ಟಿಗೆ ಒಂದು ಚೂರೂ ಗೊರಗುಟ್ಟದೆ ಹಾಡುತ್ತಿತ್ತು. ನಲವತ್ತು ವರ್ಷ ಸುಮ್ಮನಿದ್ದ ಅದಕ್ಕೆ ಈಗ ನಿಲ್ಲಿಸುವ ಲಕ್ಷಣವೇ ಇರಲಿಲ್ಲ.

ಮುರಿಯಲ್ ಹಾಡು ಕೇಳಿದಳು. ಎನಿಡ್ ಕಡೆ ಒಮ್ಮೆ ನೋಡಿದಳು. ಯಾಕೋ ಅವಳ ಕಿವಿ ಕೆಂಪಾಯಿತು.

"ಸರಿ, ಬಾ," ಎಂದಳು.

ಹೊರೇಸನಿಗೆ ಕರೆಂಟು ಹೊಡೆದಿದ್ದರೂ ಇಷ್ಟು ಬೆಚ್ಚುತ್ತಿರಲಿಲ್ಲ. ಮುರಿಯಲ್ ಮಾತು ಸಡಿಲಿಸುತ್ತಿದ್ದಾಳೆ! ಕೇಳಿದರೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂದು ಒಂದು ಕೈಯನ್ನು ಅವಳ ಸೊಂಟಕ್ಕೂ ಇನ್ನೊಂದನ್ನು ಅವಳ ಕೈಗೂ ಕೊಟ್ಟುಬಿಟ್ಟ. ಮೊದಲ ಸುತ್ತಿನಲ್ಲೇ ಕಾಲು ತುಳಿದ. ಅವಳು ಏನೂ ಅನ್ನಲಿಲ್ಲ. ಆಗ ಹೊರೇಸನಿಗೆ ಅನುಮಾನ ಬಂತು.

"ಏನ್ ಸಮಾಚಾರ ಮುರಿಯಲ್?"

"ಏನಿಲ್ಲ. ಬೆಳಿಗ್ಗೆ ನೀನು ಕ್ಷೌರಕ್ಕೆ ಹೋಗಿದ್ಯಲ್ಲ."

"ಹ್ಞೂಂ."

"ಬೋಲ್ಸ್ ಸಂಘದೋರು ಎಂಟು ಜನ ಬಂದಿದ್ರು. ಇನ್ನು ನಿಂಗ್ಯಾಕೆ, ಅದು ಅಪಾಯ ಅಂತ ನಗರಸಭೆಯೋರು ಹೇಳಿದ್ರಲ್ಲ... ಶೆಡ್ಡನ್ನ ಎತ್ತಿ ಬೇಲಿ ಆಚೆ ಇಟ್ರು."

ಹೊರೇಸನ ಕಾಲು ನಿಂತಿತು. "ಯಾವ ಶೆಡ್ಡು?"

"ನಿಲ್ಲಿಸ್ಬೇಡ, ಜನ ನೋಡ್ತಿದ್ದಾರೆ. ನಿನ್ ಶೆಡ್ಡೇ. ಎನಿಡ್‌ಗೆ ಕೊಟ್ಬಿಟ್ಟೆ. ಕೋಳಿಗೆ ಬೇಕಿತ್ತಂತೆ."

"ಕೋಳಿಗಾ? ನನ್ ಮೇಜು?"

"ಅದರ ಮೇಲೆ ಕೂತಿವೆ."

"ನಾನು ಕೂಡಿಟ್ಟಿದ್ದ ವಾಲ್ವುಗಳು? ಇಪ್ಪತ್ತಿದ್ವು ಮುರಿಯಲ್, ಹತ್ತಿಯೊಳಗೆ ಸುತ್ತಿ ಇಟ್ಟಿದ್ದೆ!"

"ಅದಕ್ಕೇ. ಗೂಡು ಅಂದ್ಕೊಂಡು ಒಂದು ಕಾವಿಗೆ ಕೂತಿದೆಯಂತೆ. ಎಬ್ಬಿಸೋಕೆ ಹೋದ್ರೆ ಕುಕ್ಕುತ್ತೆ ಅಂದ್ಲು ಎನಿಡ್."

ಹೊರೇಸನ ಭುಜ ನಡುಗತೊಡಗಿತು. ಈ ಸಲ ನಿಜವಾಗಿಯೂ ಲಕ್ವಾ ಹೊಡೆಯಿತು ಎಂದು ಜನ ಹೆಜ್ಜೆ ಮುಂದಿಟ್ಟರು. ಆದರೆ ಅವನು ನಗುತ್ತಿದ್ದ. ಮುರಿಯಲ್ಲಳಿಗೂ ನಗು ಹತ್ತಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಬೀಳದಿರಲೆಂದು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು ಸುತ್ತಿದರು.

ಅಷ್ಟರಲ್ಲಿ ಹಾಡು ಮುಗಿಯಿತು. ಸೂಜಿ ಕೊನೆಯ ಗೆರೆಯಲ್ಲಿ ಸಿಕ್ಕಿಕೊಂಡು ಕಿರ್ರ್-ಟಕ್, ಕಿರ್ರ್-ಟಕ್ ಎನ್ನತೊಡಗಿತು. ತೋಳು ತಾನಾಗಿ ಹಿಂದಿರುಗುವ ಯಂತ್ರವನ್ನು ರಿಪೇರಿ ಮಾಡಲು ಹೊರೇಸನಿಗೆ ಬಂದಿರಲಿಲ್ಲ. ಲೆನರ್ಡ್ ಎದ್ದು, ಸೂಜಿ ಎತ್ತಲು ಕೈ ಚಾಚಿದ.

"ಮುಟ್ಬೇಡ ಕಣೋ!" ಎಂದಳು ಮುರಿಯಲ್, ಹೊರೇಸನ ಹೆಗಲ ಮೇಲಿಂದ. "ಹಿಂದಿನ ಹಲಗೆ ತೆರೆದಿದೆ, ಪ್ಲಗ್ ಹಾಕಿದೆ. ಗೊತ್ತಿಲ್ದೋರು ಕೈ ಹಾಕಿದ್ರೆ ಸಾಯ್ತೀರಿ."

ಲೆನರ್ಡ್ ಕೈ ಎಳೆದುಕೊಂಡ. ಪಾದ್ರಿ ಒಂದು ಹೆಜ್ಜೆ ಹಿಂದೆ ಸರಿದರು. ನೂರೈವತ್ತು ಜನ ಮೈಮುದುಡಿ ಗೋಡೆಗೆ ಅಂಟಿ ನಿಂತರು. ಕಿರ್ರ್-ಟಕ್, ಕಿರ್ರ್-ಟಕ್. ಟ್ಯಾಟರ್ಸಾಲ್ ದಂಪತಿ ಅದೇ ತಾಳಕ್ಕೆ ಇನ್ನೊಂದು ಸುತ್ತು ತಿರುಗಿದರು, ಆಮೇಲೆ ಮತ್ತೊಂದು. ಆ ಸೂಜಿಯನ್ನು ಎತ್ತಬಲ್ಲವನು ಸ್ಕೆಲ್‌ಬಿಯಲ್ಲೆಲ್ಲ ಒಬ್ಬನೇ ಇದ್ದ, ಅವನ ಎರಡು ಕೈಯೂ ಖಾಲಿ ಇರಲಿಲ್ಲ.